ಚಳಿ ಹುಡುಕಿ ಊರು ಬಿಟ್ಟ ಸಾಕೆ

ಜಪಾನಿನಲ್ಲಿ ಅಕ್ಕಿ ಹುದುಗಿಸಿ ಮಾಡುವ ಮದ್ಯಕ್ಕೆ ಸಾಕೆ ಎನ್ನುತ್ತಾರೆ. ಬೇಸಿಗೆಯಲ್ಲಿ ನಮ್ಮ ದೋಸೆ ಹಿಟ್ಟು ಬೇಗ ಹುಳಿ ಬರುವ ಹಾಗೆ, ಸೆಕೆ ಹೆಚ್ಚಾದರೆ ಸಾಕೆಯೂ ಕೆಡುತ್ತದೆ. ನಿಧಾನವಾಗಿ ಹುದುಗಲು ಚಳಿ ಬೇಕು. 1673ರಲ್ಲಿ ಅಲ್ಲಿನ ಶೋಗನ್ ಸರ್ಕಾರ ಚಳಿಗಾಲ ಬಿಟ್ಟು ಬೇರೆ ಕಾಲದಲ್ಲಿ ಸಾಕೆ ಮಾಡುವುದನ್ನೇ ನಿಷೇಧಿಸಿತ್ತು. ಗದ್ದೆ ಕೆಲಸ ಮುಗಿಸಿದ ರೈತರು ಚಳಿಗಾಲದಲ್ಲಿ ಸಾಕೆ ಮನೆಗಳಿಗೆ ಗುಳೆ ಹೋಗುತ್ತಿದ್ದರು. ಅವರ ಮೇಸ್ತ್ರಿಗೆ ‘ತೋಜಿ’ ಎಂದು ಹೆಸರು.

ಆಗ ಊರು ಬಿಡುತ್ತಿದ್ದವರು ಕೆಲಸಗಾರರು. ಈಗ ಸಾಕೆ ಮನೆಯೇ ಊರು ಬಿಟ್ಟಿದೆ. ಗಿಫು ಪ್ರಾಂತ್ಯದ ನಕತ್ಸುಗಾವಾದಲ್ಲಿ 1877ರಲ್ಲಿ ಶುರುವಾದ ಮಿಚಿಝಕುರಾ ಸಾಕೆ ಮನೆಯ ಕಟ್ಟಡ ಹಳತಾಯಿತು, ಚಳಿಗಾಲವೂ ಬೆಚ್ಚಗಾಗುತ್ತ ಬಂತು. 2020ರಲ್ಲಿ ಅದು ದೂರದ ಉತ್ತರದ ಹೊಕ್ಕೈಡೊ ದ್ವೀಪದ ಹಿಗಶಿಕಾವಾಕ್ಕೆ ಹೋಯಿತು. ಕಟ್ಟಡವನ್ನು ಅಲ್ಲಿನ ಪಟ್ಟಣ ಆಡಳಿತವೇ ಕಟ್ಟಿಸಿಕೊಟ್ಟಿತು. ಭತ್ತದ ಗದ್ದೆ, ಹಿಮ ಕರಗಿ ಇಂಗಿದ ಅಂತರ್ಜಲ, ಗಟ್ಟಿ ಚಳಿ ಮೂರೂ ಅಲ್ಲಿವೆ.

ದೊಡ್ಡ ಕಂಪನಿಗಳು ಯಂತ್ರದಿಂದ ತಂಪು ಮಾಡಿಕೊಂಡು ವರ್ಷವಿಡೀ ಸಾಕೆ ಮಾಡುತ್ತವೆ. ಋತುವನ್ನೇ ನಂಬಿದ ಸಣ್ಣ ಕಸುಬಿಗೆ ಅದು ಸುಲಭವಲ್ಲ.

ಹವಾಮಾನ ಬದಲಾವಣೆ ಎಂದರೆ ನಾವು ಬರ, ನೆರೆಯ ಸುದ್ದಿಯನ್ನಷ್ಟೇ ಬರೆಯುತ್ತೇವೆ. 143 ವರ್ಷ ಬೇರೂರಿದ ಕಸುಬೊಂದು ಊರು ಬಿಟ್ಟಿದ್ದೂ ಆ ನಷ್ಟದ ಲೆಕ್ಕಕ್ಕೆ ಸೇರಬೇಕು.