ನೆರೆಯ ಗೆರೆ

ಅಮೆರಿಕದ ಹ್ಯೂಸ್ಟನ್ನಿನಲ್ಲೋ ಶಾರ್ಲಟ್ಟಿನಲ್ಲೋ ಮನೆ ಕೊಳ್ಳಹೊರಟ ನಮ್ಮವರಿಗೆ ಸಾಲದ ಕಾಗದಪತ್ರಗಳ ನಡುವೆ ಊರಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯೊಂದು ಎದುರಾಗುತ್ತದೆ: ಮನೆ ನೆರೆ ವಲಯದ ಗೆರೆಯ ಒಳಗೋ, ಹೊರಗೋ? ಒಳಗಿದ್ದರೆ ನೆರೆ ವಿಮೆ ಇಲ್ಲದೆ ಸಾಮಾನ್ಯವಾಗಿ ಸಾಲ ಹುಟ್ಟುವುದಿಲ್ಲ. ಯಾವುದೇ ವರ್ಷ ನೂರಕ್ಕೆ ಒಂದರಷ್ಟು ಸಂಭವವಿರುವ ನೆರೆ ಎಲ್ಲಿಯವರೆಗೆ ಹರಡೀತೆಂಬ ಅಂದಾಜೇ ಆ ಗೆರೆ. ಆ ನೆರೆಗೆ 'ನೂರು ವರ್ಷದ ನೆರೆ' ಎಂಬ ಹೆಸರಿಟ್ಟು, ಅದು ನೂರು ವರ್ಷಕ್ಕೊಮ್ಮೆ ಮಾತ್ರ ಬರುತ್ತದೆಂಬ ಭ್ರಮೆ ಹುಟ್ಟಿಸಿದ್ದಾರೆ. 30 ವರ್ಷದ ಸಾಲ ತೀರುವುದರೊಳಗೆ ಅದು ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ 26.

ಗೆರೆ ಎಳೆಯುವ ಕೆಲಸ ಮೊದಲು ಹಿಡಿತಕ್ಕೆ ಬಂದದ್ದು ಟೆನೆಸಿ ಕಣಿವೆಯಲ್ಲಿ. ಅಲ್ಲಿನ ಕಣಿವೆ ಪ್ರಾಧಿಕಾರ 1953ರಿಂದ ಊರೂರಿಗೆ ನೆರೆಯ ವಿವರ ಒದಗಿಸತೊಡಗಿತು. ಭೂಗೋಳಜ್ಞ ಗಿಲ್ಬರ್ಟ್ ವೈಟ್ ಅವರ ನೇತೃತ್ವದ ಕಾರ್ಯಪಡೆ 1966ರಲ್ಲಿ ವರದಿ ಕೊಟ್ಟಿತು. 1968ರಲ್ಲಿ ರಾಷ್ಟ್ರೀಯ ನೆರೆ ವಿಮಾ ಕಾಯ್ದೆ ಬಂತು. ಕೊಡುಕೊಳ್ಳುವಿಕೆ ಸರಳ: ಊರು ನದಿ ಬಯಲಿನ ಕಟ್ಟಡಗಳಿಗೆ ಕಡಿವಾಣ ಹಾಕಬೇಕು, ಒಕ್ಕೂಟ ಸರ್ಕಾರ ವಿಮೆ ಕೊಡಬೇಕು. ಆಗ್ನೆಸ್ ಚಂಡಮಾರುತದ ಮರುವರ್ಷ, 1973ರಲ್ಲಿ, ನೆರೆ ವಲಯದ ಮನೆಸಾಲಕ್ಕೆ ವಿಮೆ ಕಡ್ಡಾಯವಾಯಿತು. ನಕ್ಷೆ ಮಾತ್ರ ಮೇಲಿನಿಂದ ಇಳಿದು ಬರುತ್ತಿತ್ತು. ಹಳ್ಳದ ಪಕ್ಕದಲ್ಲೇ ಕೂತ, ಜಿಲ್ಲೆಯಂಥ ಕೌಂಟಿಯ ಎಂಜಿನಿಯರು ಅದನ್ನು ಒಪ್ಪಿಕೊಳ್ಳುತ್ತಿದ್ದ, ಇಲ್ಲವೇ ತಕರಾರು ಹೂಡುತ್ತಿದ್ದ.

ತಿರುವು ಕೊಟ್ಟದ್ದು 1999ರ ಸೆಪ್ಟೆಂಬರಿನ ಫ್ಲಾಯ್ಡ್ ಚಂಡಮಾರುತ. ನಾರ್ತ್ ಕ್ಯಾರೊಲೈನಾದ ಅರ್ಧಕ್ಕಿಂತ ಹೆಚ್ಚು ನಕ್ಷೆಗಳು ಆಗಲೇ ಹತ್ತು ವರ್ಷ ಹಳೆಯವು. 2000ರಲ್ಲಿ ರಾಜ್ಯವು ಒಕ್ಕೂಟದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾ ಜೊತೆ ಒಪ್ಪಂದ ಮಾಡಿಕೊಂಡು, ತನ್ನ ನೂರೂ ಕೌಂಟಿಗಳ ನಕ್ಷೆಯ ಹೊಣೆಯನ್ನು ತಾನೇ ಹೊತ್ತಿತು. ಅದು ಮೊದಲು ಕೈಹಾಕಿದ್ದು ನೀರಿಗಲ್ಲ, ನೆಲಕ್ಕೆ. ವಿಮಾನದಿಂದ ಲೇಸರ್ ಬಿಟ್ಟು ಅಳೆಯುವ ಲೈಡಾರ್ ಹಾರಿಸಿ ಇಡೀ ರಾಜ್ಯದ ಏರುತಗ್ಗು ಅಳೆಯಿತು. ಸಮತಟ್ಟಾದ ಕರಾವಳಿಯಲ್ಲಿ ನೆಲದ ಎತ್ತರ ಒಂದೆರಡು ಅಡಿ ತಪ್ಪಿದರೂ ಗೆರೆ ಎಷ್ಟೋ ದೂರ ಸರಿಯುತ್ತದೆ. ಲೆಕ್ಕಾಚಾರ ಎಷ್ಟು ನಾಜೂಕಾಗಿದ್ದರೂ ಆಗ ಪ್ರಯೋಜನವಿಲ್ಲ. ಈ ಕ್ಷೇತ್ರದ ನಿಜವಾದ ಕ್ರಾಂತಿ ನೆಲದ ಈ ಅಳತೆಯೇ ಎಂದು ನನಗನ್ನಿಸುತ್ತದೆ.

ಅದೇ ರಾಜ್ಯದ ಶಾರ್ಲಟ್-ಮೆಕ್ಲೆನ್‌ಬರ್ಗ್ ಆಡಳಿತ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಊರು ಪೂರ್ತಿ ಬೆಳೆದು, ಮಣ್ಣೆಲ್ಲ ಕಾಂಕ್ರೀಟಾದ ಮೇಲೆ ಹಳ್ಳಕ್ಕೆ ಬಂದು ಬೀಳುವ ನೀರೆಷ್ಟು ಎಂದು ಲೆಕ್ಕ ಹಾಕಿ, ನಾಳಿನ ಗೆರೆಯನ್ನೂ ಎಳೆಯಿತು. ಇಂಥ ಗೆರೆಯನ್ನು ಅಧಿಕೃತ ನಕ್ಷೆಯಲ್ಲಿ ತೋರಿಸಲು 2001ರಲ್ಲಿ ಫೀಮಾ ಅವಕಾಶ ಕೊಟ್ಟಿತು, ಊರು ಬಯಸಿದರೆ ಮಾತ್ರ. ಅದಕ್ಕೂ ಮುನ್ನ, 1999ರಲ್ಲೇ, ಸ್ಥಳೀಯರನ್ನು ತಾಂತ್ರಿಕ ಪಾಲುದಾರರನ್ನಾಗಿಸುವ ಫೀಮಾದ ಯೋಜನೆ ಶುರುವಾಗಿತ್ತು. 2003ರಿಂದ ಸುಮಾರು 100 ಕೋಟಿ ಡಾಲರಿನಲ್ಲಿ ದೇಶದ ಹಳೆಯ ಕಾಗದದ ನಕ್ಷೆಗಳು ಡಿಜಿಟಲ್ ಆದವು. ಡಿಜಿಟಲ್ ಆದ ತಪ್ಪು ತಪ್ಪೇ ಎಂಬುದು ಬೇಗ ಅರಿವಾಗಿ, 2009ರ ನಂತರದ ಯೋಜನೆ ದತ್ತಾಂಶದ ಗುಣಕ್ಕೆ ಒತ್ತು ಕೊಟ್ಟಿತು.

ಸ್ಥಳೀಯರಿಗೆ ತಮ್ಮ ಹಳ್ಳ ಗೊತ್ತು, ನಿಜ. ಆದರೆ ಗೆರೆ ಒಳಕ್ಕೆ ಸರಿಯಲಿ ಎಂಬ ಆಸೆಯೂ ಅವರಿಗೇ ಹೆಚ್ಚು. ಮನೆಗಳ ಬೆಲೆ, ತೆರಿಗೆ, ಮತದಾರರ ವಿಮಾ ಕಂತು ಎಲ್ಲ ಅದಕ್ಕೆ ಅಂಟಿಕೊಂಡಿವೆ. 2015ರಲ್ಲಿ ನ್ಯೂಯಾರ್ಕ್ ನಗರ ಫೀಮಾದ ಕರಡು ನಕ್ಷೆ ನೆರೆ ವಲಯವನ್ನು ಅತಿಯಾಗಿ ಹಿಗ್ಗಿಸಿದೆ ಎಂದು ಮೇಲ್ಮನವಿ ಹಾಕಿತು. ಮರುವರ್ಷ ಫೀಮಾ ಮರುಲೆಕ್ಕಕ್ಕೆ ಒಪ್ಪಿತು. ನಗರದ ಎಂಜಿನಿಯರುಗಳ ವಾದದಲ್ಲಿ ಹುರುಳಿತ್ತು. ಸ್ಯಾಂಡಿ ಚಂಡಮಾರುತ ಬಂದು ಮೂರೇ ವರ್ಷವಾಗಿತ್ತು ಎಂಬುದೂ ಅಷ್ಟೇ ನಿಜ.

ಸ್ಥಳೀಯರೂ ಫೀಮಾವೂ ಕೈಜೋಡಿಸಿದರೂ ಗೆರೆ ತಪ್ಪಬಹುದು. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿ, 2001ರ ಆಲಿಸನ್ ಬಿರುಗಾಳಿಯ ನಂತರ, ಫೀಮಾ ಜೊತೆ ಸೇರಿ ತನ್ನ ಎಲ್ಲ ನಕ್ಷೆಗಳನ್ನೂ ಲೈಡಾರ್ ಆಧಾರದಲ್ಲಿ ಹೊಸದಾಗಿ ಬರೆಯಿತು. 2007ರಲ್ಲಿ ಅವು ಜಾರಿಗೆ ಬಂದವು. ಹತ್ತು ವರ್ಷಕ್ಕೆ ಹಾರ್ವಿ ಚಂಡಮಾರುತ ಬಂತು. ಮುಳುಗಿದ ಸುಮಾರು 1,54,000 ಮನೆಗಳಲ್ಲಿ ಮೂರನೇ ಎರಡು ಪಾಲು ಗೆರೆಯ ಹೊರಗಿದ್ದವು. ನೆಲದ ಲೆಕ್ಕ ಸುಧಾರಿಸಿತ್ತು, ಮಳೆಯ ಲೆಕ್ಕ ಹಳತಾಗಿತ್ತು. 2018ರ ಸೆಪ್ಟೆಂಬರಿನಲ್ಲಿ ಹವಾಮಾನ ಸಂಸ್ಥೆ ನೋವಾ ಹ್ಯೂಸ್ಟನ್ನಿನ 'ನೂರು ವರ್ಷದ' ದಿನದ ಮಳೆಯನ್ನು ಸುಮಾರು 13 ಇಂಚಿನಿಂದ 18ಕ್ಕೆ ಏರಿಸಿತು. ಕೌಂಟಿ ಮತ್ತು ಫೀಮಾ ಮತ್ತೆ ನಕ್ಷೆಗೆ ಕೂತವು. ನಗರ ಅದಕ್ಕಾಗಿ ಕಾಯಲಿಲ್ಲ: ನೆರೆ ಬಯಲಿನ ಹೊಸ ಮನೆಗಳ ನೆಲಗಟ್ಟು 'ಐನೂರು ವರ್ಷದ' ನೆರೆಗಿಂತ ಎರಡಡಿ ಮೇಲಿರಬೇಕೆಂಬ ನಿಯಮವನ್ನು ಅದೇ ತಿಂಗಳ ಮೊದಲ ದಿನದಿಂದ ಜಾರಿಗೆ ತಂದಿತ್ತು.