ಕಾಗುಣಿತ ಯಾವ ತರಗತಿಯ ಪಾಠ?

ಕನ್ನಡವನ್ನು ಆಡಿದಂತೆಯೇ ಬರೆಯುತ್ತೇವೆ, ಹಾಗಾಗಿ ನಮಗೆ ಸ್ಪೆಲ್ಲಿಂಗಿನ ಗೋಳಿಲ್ಲ ಎಂಬ ಮಾತು ಶಿಕ್ಷಕರ ತರಬೇತಿಗಳಲ್ಲಿ ಈಚೆಗೆ ಪದೇ ಪದೇ ಕಿವಿಗೆ ಬೀಳುತ್ತಿದೆ. ಹೀಗೆನ್ನುವವರು ಮಂಡ್ಯ ಸೀಮೆಯ ಆರನೇ ತರಗತಿಯ ಉಕ್ತಲೇಖನದ ಪುಸ್ತಕವನ್ನು ತಿದ್ದಿದವರಲ್ಲ. ಆಡಿದಂತೆ ಬರೆದರೆ ನಮ್ಮ ಹುಡುಗರ ಹಾಲು ‘ಆಲು’ ಆಗುತ್ತದೆ, ಒಲೆ ‘ವಲೆ’ ಆಗುತ್ತದೆ, ಧರ್ಮ ‘ದರ್ಮ’ವಾಗುತ್ತದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಾರೆ. ಏಕೆ ತಪ್ಪು ಎಂದು ಹೇಳುವುದು ಯಾರ ಕೆಲಸ ಎಂಬುದು ಮಾತ್ರ ಇತ್ಯರ್ಥವಾಗಿಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳ ಹೆಸರುಗಳನ್ನೇ ನೋಡಿ. ನಾಗಮಂಗಲದ ಮಗುವಿನದು ಸುಖದ ಬದುಕು, ಒತ್ತಕ್ಷರವಿಲ್ಲ, ಮಹಾಪ್ರಾಣವಿಲ್ಲ. ಪಾಂಡವಪುರದಲ್ಲಿ ಒಂದು ಸೊನ್ನೆ ಸರಿಯಾದ ಜಾಗದಲ್ಲಿ ಬಿದ್ದರಾಯಿತು. ಶ್ರೀರಂಗಪಟ್ಟಣಕ್ಕೆ ಶ, ಟ್ಟ, ಣ ಮೂರೂ ಬೇಕು. ಕೃಷ್ಣರಾಜಪೇಟೆಯ ಮಗುವಿಗಂತೂ ಮೊದಲ ಎರಡು ಅಕ್ಷರಗಳಲ್ಲೇ ಪರೀಕ್ಷೆ: ‘ಕ್ರಿಸ್ನ’ ಎಂದು ಬರೆದವರು ಹೈಸ್ಕೂಲಿಗೂ ಹೋಗಿದ್ದಾರೆ. ಊರವರೆಲ್ಲ ಕೆ.ಆರ್.ಪೇಟೆ ಎಂದು ಬರೆದು ಪಾರಾಗುತ್ತಾರೆ.

ಹಳೆಯ ಕಥೆ ಬೇಗ ಮುಗಿಯುತ್ತದೆ. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜನೇ ಳ ಮತ್ತು ೞ ಬೆರೆಯುವುದನ್ನು ಕಂಡು ಪದಗಳನ್ನು ವಿಂಗಡಿಸಲು ಕೂತಿದ್ದ. ಬರಹ ಬೇರೆ, ಬಾಯಿ ಬೇರೆ ಎಂಬುದು ನಿನ್ನೆಯ ಸುದ್ದಿಯಲ್ಲ. ಕೂಲಿಮಠದ ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸಿ, ಹುಣಿಸೆಬೀಜದ ಸರಿ ಮತ್ತು ಇದ್ದಿಲು ಬಳಿದ ಕಡತದ ಮೇಲೆ ಬಳಪದಲ್ಲಿ ಬರೆಸುತ್ತಿದ್ದರು. ಪದಸಂಪತ್ತು ಎಂದರೆ ಅಮರಕೋಶದ ಬಾಯಿಪಾಠ. ಅದೂ ಎಲ್ಲ ಜಾತಿಯ ಮಕ್ಕಳಿಗಲ್ಲ. 1868ರಲ್ಲಿ ಶಿಕ್ಷಣಾಧಿಕಾರಿ ಬಿ.ಎಲ್. ರೈಸ್ ಹೋಬಳಿ ಶಾಲೆಗಳ ಯೋಜನೆ ತಂದಮೇಲೆ ಸರ್ಕಾರದ ಪಾಠಪುಸ್ತಕ ಹಳ್ಳಿಗೆ ಬಂತು. ಅದರ ಹಿಂದೆಯೇ ಕಾಪಿ ಬರಹ, ಉಕ್ತಲೇಖನ, ತಪ್ಪಿದ ಪದವನ್ನು ಹತ್ತು ಸಲ ಬರೆಯುವ ಶಿಕ್ಷೆ. ಎಲ್.ಎಸ್. (ಲೋಯರ್ ಸೆಕೆಂಡರಿ) ಪರೀಕ್ಷೆಯ ಕಾಲದ ಮಿಡ್ಲ್‌ಸ್ಕೂಲ್ ಮೇಷ್ಟ್ರು ಬಹಳ ಕಟ್ಟುನಿಟ್ಟು ಎಂದು ಹಿರಿಯರು ಕೊಂಡಾಡುತ್ತಾರೆ. ಅಲ್ಲಿಯವರೆಗೆ ಬಂದು ಕೂರಲಾಗದವರ ಲೆಕ್ಕವನ್ನು ಆ ಹೊಗಳಿಕೆ ಬಿಟ್ಟುಬಿಡುತ್ತದೆ.

ಈ ಸೀಮೆಯಲ್ಲಿ ಕನ್ನಡದ ಬರವಿರಲಿಲ್ಲ. ಬಿ.ಎಂ.ಶ್ರೀ. ಅವರ ಬೆಳ್ಳೂರು ನಾಗಮಂಗಲ ತಾಲ್ಲೂಕಿನದು, ಪು.ತಿ.ನ. ಅವರ ಮೇಲುಕೋಟೆ ಪಾಂಡವಪುರದ್ದು, ಕೆ.ಎಸ್. ನರಸಿಂಹಸ್ವಾಮಿಯವರ ಕಿಕ್ಕೇರಿಯೂ ಎ.ಎನ್. ಮೂರ್ತಿರಾಯರ ಅಕ್ಕಿಹೆಬ್ಬಾಳೂ ಕೃಷ್ಣರಾಜಪೇಟೆಯವು. ಆದರೆ ಪದದ ಕೆಲಸದಲ್ಲಿ ನಾವು ಮೊದಲು ನೆನೆಯಬೇಕಾದವರು ಜಿ. ವೆಂಕಟಸುಬ್ಬಯ್ಯ. ಅವರ ಹೆಸರಿನ ‘ಜಿ’ ಎಂದರೆ ಶ್ರೀರಂಗಪಟ್ಟಣಕ್ಕೆ ಅಂಟಿಕೊಂಡಿರುವ ಗಂಜಾಂ. ಮಂಡ್ಯದಲ್ಲಿ ಮೇಷ್ಟರಾಗಿ ವೃತ್ತಿ ಆರಂಭಿಸಿದ ಅವರು ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಪ್ರಧಾನ ಸಂಪಾದಕರಾದರು. ಮೊದಲ ಸಂಪುಟ 1970ರಲ್ಲಿ, ಎಂಟನೆಯದು 1995ರಲ್ಲಿ ಹೊರಬಂತು. ಶಾಲೆಗೆ ಒದಗಿದ್ದು ಆ ಎಂಟು ಸಂಪುಟಗಳಿಗಿಂತ ಹೆಚ್ಚಾಗಿ 1991ರಿಂದ ‘ಪ್ರಜಾವಾಣಿ’ಯಲ್ಲಿ ಬಂದ ‘ಇಗೋ ಕನ್ನಡ’ ಅಂಕಣ. ಓದುಗರ ಪದಪ್ರಶ್ನೆಗೆ ನಾಲ್ಕಾರು ಸಾಲಿನ ಉತ್ತರ. ನಮ್ಮ ಕಡೆಯ ಮೇಷ್ಟರು ಅದನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಿದ್ದರು. ಯಾವ ಸರ್ಕಾರಿ ಕೈಪಿಡಿಗೂ ಅಷ್ಟು ಗೋಂದು ಖರ್ಚಾದದ್ದನ್ನು ನಾನು ಕಂಡಿಲ್ಲ.

ನನ್ನ ವಾರಿಗೆಯವರ ಕಾಲ ಬಂದದ್ದು ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆಯ (ಡಿಪಿಇಪಿ) ಜೊತೆಗೆ. ಕರ್ನಾಟಕದಲ್ಲಿ ಅದರ ಮೊದಲ ಹಂತಕ್ಕೆ ಆಯ್ಕೆಯಾದವು ನಾಲ್ಕೇ ಜಿಲ್ಲೆ: ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು. ಯೋಜನೆಯ ಕಣ್ಣು ಕಿರಿಯ ಪ್ರಾಥಮಿಕದ ಮೇಲೆ. ಐದರಿಂದ ಏಳನೇ ತರಗತಿಯವರಿಗೆ ಅದು ನೇರವಾಗಿ ಕೊಟ್ಟದ್ದು ಕಡಿಮೆ. ಆದರೆ ಕ್ಲಸ್ಟರ್ ಸಮಾಲೋಚನಾ ಸಭೆ ಎಂಬ ಜಾಗವನ್ನು ಕೊಟ್ಟಿತು. ಆಸುಪಾಸಿನ ಶಾಲೆಗಳವರು ತಿಂಗಳಿಗೊಮ್ಮೆ ಒಂದೆಡೆ ಕೂರುವಂತಾಯಿತು. ಅಲ್ಲಿ ಕೆಲವರು ಉಕ್ತಲೇಖನದ ಪುಸ್ತಕಗಳನ್ನು ತಂದು ಹರಡಿ, ಅಂಕ ಎಣಿಸುವ ಬದಲು ತಪ್ಪುಗಳನ್ನು ಬೇರ್ಪಡಿಸತೊಡಗಿದರು. 1969ರಲ್ಲಿ ಮೈಸೂರಿನಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನದ ಗಾಳಿ ಬಿ.ಎಡ್. ತರಗತಿಗಳ ಮೂಲಕ ನಮ್ಮ ಮೇಲೂ ಬೀಸಿತ್ತು. ಯು.ಪಿ. ಉಪಾಧ್ಯಾಯರು ನಂಜನಗೂಡು ಕನ್ನಡದ ಮೇಲೆ ಬರೆದ ಪುಸ್ತಕದಲ್ಲಿ ನಮ್ಮ ನೆರೆಯ ಮಾತೇ ಇತ್ತು. ಮಗುವಿನ ತಪ್ಪಿಗೆ ಮನೆಮಾತಿನ ಲೆಕ್ಕಾಚಾರವಿದೆ ಎಂಬುದು ನಮಗೆ ದೊಡ್ಡ ಬಿಡುಗಡೆ.

ಒಂದು ಪುಟ ಹೇಳುತ್ತೇನೆ. ಪಾಂಡವಪುರದ ಕಡೆಯ ಶಾಲೆ, ಕಬ್ಬು ಅರೆಯುವ ಕಾಲ. ಹಾಲು, ಆಲೆಮನೆ, ಹೊಳೆ, ಎಮ್ಮೆ, ಹಗಲು ಎಂದು ಕೊಟ್ಟ ಉಕ್ತಲೇಖನಕ್ಕೆ ಹುಡುಗಿ ಬರೆದದ್ದು: ಆಲು, ಹಾಲೆಮನೆ, ವಳೆ, ಯಮ್ಮೆ, ಅಗಲು. ಐದಕ್ಕೆ ಸೊನ್ನೆ. ಆದರೆ ‘ಹಾಲೆಮನೆ’ ದಡ್ಡತನದ ತಪ್ಪಲ್ಲ. ಬಾಯಿಗೆ ಬಾರದ ‘ಹ’ ಬರಹದಲ್ಲಿ ಎಲ್ಲೋ ಇರಬೇಕೆಂದು ಆಕೆಗೆ ಗೊತ್ತು, ಎಲ್ಲಿ ಎಂದು ಗೊತ್ತಿಲ್ಲ. ಅನುಮಾನ ಬಂದ ಕಡೆ ಸೇರಿಸಿದ್ದಾಳೆ. ಮದುವೆ ಮನೆಯ ಫಲಕದಲ್ಲಿ ಆದರದ ಸ್ವಾಗತವನ್ನು ‘ಹಾದರ’ ಮಾಡುವವರದೂ ಇದೇ ತರ್ಕ. ಇಂಥ ಮಗುವಿಗೆ ಹತ್ತು ಸಲದ ಶಿಕ್ಷೆ ಕೊಟ್ಟರೆ ಐದನೇ ಸಲಕ್ಕೆ ಕೈ ಮಾತ್ರ ಓಡುತ್ತಿರುತ್ತದೆ. ನಾವು ಮಾಡಿದ್ದು ಜೋಡಿಪದಗಳ ಪಾಠ: ಅಕ್ಕಿ-ಹಕ್ಕಿ, ಅಲ್ಲಿ-ಹಲ್ಲಿ, ಆರು-ಹಾರು, ಅಗಲು-ಹಗಲು. ಜೋಡಿಯ ಎರಡನ್ನೂ ಸೇರಿಸಿ ಒಂದೇ ವಾಕ್ಯ ಕಟ್ಟಬೇಕು, ಗಟ್ಟಿಯಾಗಿ ಓದಬೇಕು, ಪಕ್ಕದವರು ಕೇಳಿ ಬರೆಯಬೇಕು. ಮೇಷ್ಟರು ತಾವೇ ‘ಆಲು’ ಎನ್ನುವವರಾದರೆ ಪಾಠ ನಡೆಯುವುದಿಲ್ಲ. ಈ ಕಹಿಮಾತನ್ನು ಸಭೆಯಲ್ಲಿ ಆಡಿದಾಗ ಕೆಲವರು ಎದ್ದು ಟೀ ಕುಡಿಯಲು ಹೋದದ್ದೂ ಉಂಟು.

ಹೊಸ ಶತಮಾನದ ಅಲೆಗಳನ್ನು ಚುಟುಕಾಗಿ ಹೇಳಬಹುದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ, ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿ ಚಿಕ್ಕ ತರಗತಿಗಳಿಗೆ ರಾಜ್ಯದ ತುಂಬ ಹರಡಿತು. ಮಕ್ಕಳು ನಲಿದದ್ದು ನಿಜ. ಆದರೆ ಅಕ್ಷರದ ಲೆಕ್ಕ ಮೂರನೇ ತರಗತಿಗೆ ಚುಕ್ತಾ ಆಯಿತೆಂಬ ಭ್ರಮೆಯೂ ಅದರ ಜೊತೆ ಬಂತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ‘ಅಭಿವ್ಯಕ್ತಿ ಮುಖ್ಯ, ಕಾಗುಣಿತ ಆಮೇಲೆ’ ಎಂಬುದು ಮಂತ್ರವಾಯಿತು. ಆ ‘ಆಮೇಲೆ’ ಎಂದಿಗೆ ಎಂದು ಯಾರೂ ಹೇಳಲಿಲ್ಲ. ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಕನ್ನಡ ಓದಿನ ಅಧ್ಯಯನ, ನಮ್ಮ ಅಕ್ಷರಗಳ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯದೆ ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ ಎಂದು ತೋರಿಸಿತು. ನಾಲ್ಕಕ್ಕೆ ಓದಲು ಬಂದದ್ದು ಬರವಣಿಗೆಗೆ ಇಳಿಯುವುದು ಐದು-ಆರರಲ್ಲಿ. ಅಂದರೆ ಕಾಗುಣಿತ ಮಾಧ್ಯಮಿಕ ತರಗತಿಯದೇ ಪಾಠ.

ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ಟರು 2005ರಿಂದೀಚೆಗೆ ಹೇಳಿದ್ದು ಇನ್ನೊಂದು ದಾರಿ: ಆಡದ ಮಹಾಪ್ರಾಣ, ಷಕಾರಗಳನ್ನು ಬರಹದಿಂದಲೇ ಬಿಡಿ. ಅವರ ವಿದ್ವತ್ತಿನ ಮುಂದೆ ತಲೆಬಾಗುತ್ತೇನೆ, ರೋಗದ ಗುರುತನ್ನೂ ಒಪ್ಪುತ್ತೇನೆ. ಆದರೆ ಬರಹ ಬದಲಾಗುವ ತನಕ ‘ಬಾರತ’ ಎಂದು ಬರೆದು ಅಂಕ ಕಳೆದುಕೊಳ್ಳುವವರು ಹೊಲಗೆಯ್ಯುವವರ ಮಕ್ಕಳೇ. ಅವರನ್ನು ಪ್ರಯೋಗಕ್ಕೆ ಒಡ್ಡಲಾರೆ.

ಪದಸಂಪತ್ತಿನ ಕಥೆ ಇದಕ್ಕಿಂತ ಬಡವು. ಪಾಠದ ಕೊನೆಗೆ ಪದ, ಅದರ ಮುಂದೆ ಅರ್ಥ. ಮಗು ಅರ್ಥವನ್ನು ಬಾಯಿಪಾಠ ಮಾಡಿ ಪದವನ್ನು ಒಮ್ಮೆಯೂ ಬಳಸದೆ ಪಾಸಾಗುತ್ತದೆ. ಇಂಗ್ಲಿಷ್ ಸ್ಪೆಲ್ಲಿಂಗಿಗೆ ಪೇಟೆಯ ಖಾಸಗಿ ಶಾಲೆಗಳಲ್ಲಿ ಸ್ಪರ್ಧೆ, ಪದಕ ಎಲ್ಲ ಇವೆ. ಇತ್ತ ಮಗುವಿನ ಬಾಯಲ್ಲಿರುವ ಕೂಳೆ, ರಚ್ಚು, ಕೊಪ್ಪರಿಗೆ, ತೂಬು, ಕೋಡಿ, ನೀರುಗಂಟಿ ಶಾಲೆಯ ಬಾಗಿಲಲ್ಲೇ ಉಳಿಯುತ್ತವೆ. ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಊರೂರು ಸುತ್ತಿ ಜನಪದವನ್ನು ಕೂಡಿಹಾಕಿದರು, ಜಾನಪದ ಲೋಕವನ್ನೇ ಕಟ್ಟಿದರು. ಆ ಕಣಜದಿಂದ ಏಳನೇ ತರಗತಿಗೆ ಒಂದು ಸೇರು ಪದವನ್ನೂ ನಾವು ಅಳೆದುಕೊಳ್ಳಲಿಲ್ಲ.

ಇನ್ನೂ ಒಂದು ಬಿಟ್ಟ ಜಾಗ. ಶ್ರೀರಂಗಪಟ್ಟಣದಲ್ಲೂ ನಾಗಮಂಗಲದಲ್ಲೂ ಉರ್ದು ಮನೆಮಾತಿನ ಮಕ್ಕಳು ಕನ್ನಡ ತರಗತಿಯಲ್ಲಿ ಕೂರುತ್ತಾರೆ. ‘ಹ’ಕಾರ ಅವರ ನಾಲಗೆಯಲ್ಲೇ ಇದೆ, ಖ ಘ ಭಗಳೂ ಹೊಸವಲ್ಲ; ಅವರು ಎಡವುವುದು ಳ ಮತ್ತು ಣ ಬಂದಾಗ. ಅಕ್ಕಪಕ್ಕ ಕೂರಿಸಿದರೆ ಒಬ್ಬರ ಬಾಯಿ ಇನ್ನೊಬ್ಬರಿಗೆ ಪಾಠ. ಇದರ ಮೇಲೆ ಬರೆದ ಒಂದು ಪುಟವೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಕೊರೊನಾ ನಂತರದ ‘ಕಲಿಕಾ ಚೇತರಿಕೆ’ ಬಂದು ಹೋಯಿತು. 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಕರೆತಂದಿತು. ಈಚಿನ ವರ್ಷಗಳಲ್ಲಿ ನಾನು ಮೆಚ್ಚಿದ ಕೆಲಸ ಇದೊಂದೇ. ಕ್ಲಸ್ಟರ್ ಸಭೆಗಳಲ್ಲಿ ಮಾಡಿದ ತಪ್ಪುಪಟ್ಟಿ, ಜೋಡಿಪದಗಳ ನೋಟ್‌ಬುಕ್ಕುಗಳು ಈ ನಾಲ್ಕು ತಾಲ್ಲೂಕುಗಳ ನಿವೃತ್ತ ಶಿಕ್ಷಕರ ಅಟ್ಟಗಳಲ್ಲಿ ಇನ್ನೂ ಇವೆ. ನಿಮ್ಮ ಮನೆಯಲ್ಲಿ ಒಂದಿದ್ದರೆ ತೂಕಕ್ಕೆ ಹಾಕಬೇಡಿ. ಊರಿನ ಗ್ರಂಥಾಲಯಕ್ಕೆ ಕೊಡಿ, ಅಚ್ಚಿನ ಮಾತು ಆಮೇಲೆ ನೋಡಿಕೊಳ್ಳೋಣ.