ಒಂದೂವರೆ ಸೆಕೆಂಡಿನ ಸಾಕ್ಷ್ಯ: ಲಯನ್ಸ್ ಕಂಪನಿಯ ಕಂಪ್ಯೂಟರೀಕರಣದ ಮರುವಿಚಾರ

ವ್ಯಾಪಾರಕ್ಕೆ ಕಂಪ್ಯೂಟರ್ ಬಂದ ಚರಿತ್ರೆಯನ್ನು ಬರೆದವರು ತಪ್ಪದೆ ಎತ್ತಿ ತೋರಿಸುವ ಒಂದು ಅಂಕಿಯಿದೆ. ಒಬ್ಬ ನೌಕರನ ವಾರದ ಸಂಬಳ ಲೆಕ್ಕ ಹಾಕಲು ನುರಿತ ಗುಮಾಸ್ತನಿಗೆ 8 ನಿಮಿಷ ಹಿಡಿಯುತ್ತಿತ್ತು; ಲಂಡನ್ನಿನ ಜೆ. ಲಯನ್ಸ್ ಅಂಡ್ ಕಂಪನಿಯ ‘ಲಿಯೋ’ ಯಂತ್ರ ಅದನ್ನು ಒಂದೂವರೆ ಸೆಕೆಂಡಿನಲ್ಲಿ ಮುಗಿಸಿತು. ಪಠ್ಯಪುಸ್ತಕ, ವಸ್ತುಸಂಗ್ರಹಾಲಯದ ಫಲಕ, ಮ್ಯಾನೇಜ್‌ಮೆಂಟ್ ತರಗತಿಯ ಸ್ಲೈಡು, ಎಲ್ಲೆಡೆಯೂ ಇದೇ ಅಂಕಿ. ಇದನ್ನು ಓದಿದವರಿಗೆ ಯಂತ್ರ ಬಂತು, ಕೆಲಸ ಚುರುಕಾಯಿತು, ಆಮೇಲೆ ಸಂಸ್ಥೆ ಬದಲಾಯಿತು ಎಂಬ ಕ್ರಮ ಸಹಜವೆಂದು ತೋರುತ್ತದೆ. ಅಂಕಿಯ ಬಗ್ಗೆ ನನ್ನ ತಕರಾರಿಲ್ಲ. ಅದರಿಂದ ಕಟ್ಟಿದ ಕ್ರಮ ಮಾತ್ರ ತಲೆಕೆಳಗಾಗಿದೆ.

ಲಿಯೋ ಹುಟ್ಟಿದ ಕಥೆಯನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. 1947ರಲ್ಲಿ ಕಂಪನಿಯ ಅಧಿಕಾರಿಗಳಾದ ಸ್ಟ್ಯಾಂಡಿಂಗ್‌ಫೋರ್ಡ್ ಮತ್ತು ಥಾಮ್ಸನ್ ಅಮೆರಿಕಕ್ಕೆ ಹೋಗಿಬಂದದ್ದು, ಕೇಂಬ್ರಿಜ್‌ನ ಎಡ್ಸ್ಯಾಕ್ ಯಂತ್ರಕ್ಕೆ ಲಯನ್ಸ್ ಹಣ ಕೊಟ್ಟದ್ದು, 1951ರ ನವೆಂಬರಿನಲ್ಲಿ ಬೇಕರಿಯ ಉತ್ಪನ್ನಗಳಿಗೆ ಬೆಲೆ ಕಟ್ಟುವ ಕೆಲಸವನ್ನು ಲಿಯೋ ಪೂರ್ತಿಯಾಗಿ ವಹಿಸಿಕೊಂಡದ್ದು, ಇವೆಲ್ಲ ತಿಳಿದ ಸಂಗತಿಗಳು. ಈ ಕಥೆಯಲ್ಲಿ ಎಲ್ಲರನ್ನೂ ಸೆಳೆಯುವುದು ಅದರ ವಿಚಿತ್ರ: ಕೇಕು, ಬನ್ನು, ಚಹಾ ಮಾರುವ ಕಂಪನಿಯೊಂದು ಕಂಪ್ಯೂಟರ್ ಕಟ್ಟಿತಲ್ಲ! ಜಾನ್ ಹೆಂಡ್ರಿ 1987ರಲ್ಲಿ ವ್ಯಾಪಾರ ಚರಿತ್ರೆಯ ಪತ್ರಿಕೆಯೊಂದರಲ್ಲಿ ಬರೆದ ಲೇಖನ ಗಂಭೀರವಾದದ್ದು. ಆದರೆ ಟೀಶಾಪ್ ಕಂಪನಿ ಕಂಪ್ಯೂಟರ್ ತಯಾರಕನಾದ ಸೋಜಿಗವೇ ಅದರ ಶೀರ್ಷಿಕೆಗೂ ಆಧಾರ. ಹೊಸ ಉದ್ಯಮಕ್ಕೆ ಕೈಹಾಕಿದ ಕಂಪನಿ ಎಷ್ಟು ದೂರ ಹೋಗಬಲ್ಲದು ಎಂಬುದು ಅಲ್ಲಿನ ವಿಚಾರ. ಯಂತ್ರ ತಯಾರಿಸಿ ಮಾರಲು ಲಯನ್ಸ್ ಕಟ್ಟಿದ ಲಿಯೋ ಕಂಪನಿ 1963ರಲ್ಲಿ ಇಂಗ್ಲಿಷ್ ಎಲೆಕ್ಟ್ರಿಕ್ ಜೊತೆ ಸೇರಿ, 1968ರ ಹೊತ್ತಿಗೆ ಐಸಿಎಲ್‌ನೊಳಗೆ ಕರಗಿಹೋದದ್ದರಿಂದ ಆ ಪ್ರಶ್ನೆಗೆ ಉತ್ತರ ಮೊದಲೇ ಗೊತ್ತಿರುವಂಥದ್ದು. ಯಂತ್ರವನ್ನು ಮಾರುವುದರಲ್ಲಿ ಸೋತ ಸಂಸ್ಥೆ ಅದನ್ನು ಬಳಸುವುದರಲ್ಲಿ ಗೆದ್ದದ್ದು ಹೇಗೆ ಎಂಬ ವಿಚಾರ ಹೀಗೆ ಬದಿಗೆ ಸರಿಯಿತು.

ಮೊದಲು ಆ ಒಂದೂವರೆ ಸೆಕೆಂಡನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ವಾರಕ್ಕೆ 10,000 ಜನರ ಸಂಬಳ ಎಂದು ಇಟ್ಟುಕೊಳ್ಳಿ. ತಲಾ 8 ನಿಮಿಷದಂತೆ 80,000 ನಿಮಿಷ, ಅಂದರೆ ಸುಮಾರು 1,333 ಗಂಟೆ. ವಾರಕ್ಕೆ 40 ಗಂಟೆ ದುಡಿಯುವ ಗುಮಾಸ್ತರ ಲೆಕ್ಕದಲ್ಲಿ ಮೂವತ್ತಮೂರು ಮೂವತ್ತನಾಲ್ಕು ಜನರ ಕೆಲಸ. ಯಂತ್ರಕ್ಕಾದರೆ 15,000 ಸೆಕೆಂಡು, ನಾಲ್ಕು ಗಂಟೆ ಹತ್ತು ನಿಮಿಷ. ಕೇಳಲು ಬೆರಗು. ಆದರೆ ಸಾವಿರಾರು ನೌಕರರಿದ್ದ ಲಯನ್ಸ್‌ನಂಥ ಕಂಪನಿಯಲ್ಲಿ ಮೂವತ್ತು ಚಿಲ್ಲರೆ ಗುಮಾಸ್ತರನ್ನು ಉಳಿಸುವುದಕ್ಕಾಗಿ ಸುಮಾರು 6,000 ವಾಲ್ವ್‌ಗಳ ಯಂತ್ರ ಕಟ್ಟಿ, ಅದಕ್ಕೆ ಎಂಜಿನಿಯರುಗಳನ್ನು ಇಟ್ಟುಕೊಂಡು, ಕೆಟ್ಟ ವಾಲ್ವ್‌ಗಳನ್ನು ಹುಡುಕಿ ಬದಲಿಸುತ್ತ ಕೂರುವುದು ಯಾವ ವ್ಯಾಪಾರಿಯ ಲೆಕ್ಕಕ್ಕೂ ಹೊಂದುವ ಮಾತಲ್ಲ. ಲಯನ್ಸ್‌ನ ಯಜಮಾನರಿಗೆ ಪೆನ್ನಿಯ ಬೆಲೆ ಚೆನ್ನಾಗಿ ಗೊತ್ತಿತ್ತು.

ಹೋಲಿಕೆಯ ಎರಡು ಬದಿಗಳೂ ಸಮನಾಗಿಲ್ಲ. ಗುಮಾಸ್ತನ 8 ನಿಮಿಷದಲ್ಲಿ ಹಾಜರಿ ಕಾರ್ಡು ಓದುವುದು, ತೆರಿಗೆ ಕೋಷ್ಟಕ ತಿರುವುವುದು, ಪೌಂಡು-ಶಿಲ್ಲಿಂಗು-ಪೆನ್ನಿಗಳಲ್ಲಿ ಕೂಡಿ ಕಳೆಯುವುದು, ಬರೆಯುವುದು ಎಲ್ಲವೂ ಸೇರಿವೆ. (ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗು, ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡು. 1957ಕ್ಕೆ ಮುಂಚೆ ರೂಪಾಯಿ-ಆಣೆ-ಪೈಗಳಲ್ಲಿ ಲೆಕ್ಕ ಬರೆದವರಿಗೆ ಆ ಕಷ್ಟ ವಿವರಿಸಬೇಕಿಲ್ಲ.) 1944ರಿಂದ ಬ್ರಿಟನ್ನಿನಲ್ಲಿ ಸಂಬಳದಲ್ಲೇ ತೆರಿಗೆ ಮುರಿದುಕೊಳ್ಳುವ ಪದ್ಧತಿ ಬಂದಿತ್ತು. ವರ್ಷದ ಮೊದಲ ವಾರದಿಂದ ಆದ ಒಟ್ಟು ಗಳಿಕೆಯನ್ನು ಪ್ರತಿ ವಾರವೂ ಮುಂದಕ್ಕೆ ಒಯ್ಯಬೇಕಿತ್ತು. ಗುಮಾಸ್ತನ ಸಮಯ ತಿನ್ನುತ್ತಿದ್ದದ್ದು ಮುಖ್ಯವಾಗಿ ಇದೇ. ಯಂತ್ರದ ಒಂದೂವರೆ ಸೆಕೆಂಡಿನಲ್ಲಿ ಮಾಹಿತಿಯನ್ನು ಕಾರ್ಡಿಗೆ ತೂತು ಹೊಡೆಯುವ ಕೆಲಸ ಸೇರಿಲ್ಲ, ಆ ತೂತು ಸರಿಯಿದೆಯೇ ಎಂದು ನೋಡುವ ಕೆಲಸವೂ ಸೇರಿಲ್ಲ. ಲಿಯೋ ಕಟ್ಟಿದವರಿಗೆ ನಿಜವಾಗಿ ತಲೆನೋವು ತಂದದ್ದು ಲೆಕ್ಕದ ವೇಗವಲ್ಲ, ಯಂತ್ರದೊಳಕ್ಕೆ ಮಾಹಿತಿ ತುಂಬುವುದು ಮತ್ತು ಹೊರಕ್ಕೆ ತೆಗೆಯುವುದು. ಮ್ಯಾಗ್ನೆಟಿಕ್ ಟೇಪಿನಲ್ಲಿ ಅದನ್ನು ಮಾಡಲು ಹೊರಟ ಪ್ರಯತ್ನ ಕೈಗೂಡದೆ ಕೊನೆಗೆ ಕಾರ್ಡು, ಪೇಪರ್ ಟೇಪುಗಳಿಗೇ ಮರಳಬೇಕಾಯಿತು. ನಿಯಮಿತ ಸಂಬಳ ಪಟ್ಟಿ ಲಿಯೋದಿಂದ ಹೊರಬರಲು 1954ರ ತನಕ ಕಾಯಬೇಕಾದದ್ದರ ಹಿಂದೆ ಈ ತೊಡಕೂ ಇದೆ.

ಎಲ್ಲಕ್ಕಿಂತ ಮುಖ್ಯವಾದ ಆಕ್ಷೇಪ ಇನ್ನೊಂದು. ಸಂಬಳದ ಲೆಕ್ಕ ಯಂತ್ರಕ್ಕೆ ಹೋದಾಗ ಲಯನ್ಸ್‌ನಲ್ಲಿ ಯಾರ ಅಧಿಕಾರವೂ ಬದಲಾಗಲಿಲ್ಲ. ಅದೇ ಹಾಜರಿ, ಅದೇ ದರ, ಅದೇ ಲಕೋಟೆ. ಲೆಕ್ಕ ಮಾಡುವವರು ಬದಲಾದರು, ಅಷ್ಟೆ. ಸಂಸ್ಥೆಯ ಬದಲಾವಣೆಗೆ ಇದನ್ನೇ ಸಾಕ್ಷಿಗೆ ಕರೆಯುವುದು ತಪ್ಪು ಸಾಕ್ಷಿಯನ್ನು ಕಟಕಟೆಗೆ ಹತ್ತಿಸಿದಂತೆ.

ಸರಿಯಾದ ಸಾಕ್ಷಿ ಅದೇ 1954ರಲ್ಲೇ ಇದೆ. ಟೀಶಾಪ್‌ಗಳಿಗೆ ಸರಕು ಹಂಚುವ ಕೆಲಸವನ್ನು ಲಿಯೋಗೆ ಒಪ್ಪಿಸಿದ್ದು ಆ ವರ್ಷ. ನೂರಕ್ಕೂ ಮೀರಿದ ಅಂಗಡಿಗಳು. ಪ್ರತಿಯೊಂದಕ್ಕೂ ಒಬ್ಬ ಮೇಲ್ವಿಚಾರಕಿ. ದಿನವಿಡೀ ಗಿರಾಕಿಗಳನ್ನು ನೋಡಿಕೊಂಡ ಮೇಲೆ ಆಕೆ ಮರುದಿನಕ್ಕೆ ಏನೇನು ಎಷ್ಟೆಷ್ಟು ಬೇಕೆಂದು ಬಾಬುವಾರು ಇಂಡೆಂಟ್ ಬರೆಯಬೇಕಿತ್ತು. ಅವು ಹ್ಯಾಮರ್‌ಸ್ಮಿತ್‌ನ ಕ್ಯಾಡ್‌ಬಿ ಹಾಲ್‌ಗೆ ಹೋಗಿ, ಅಲ್ಲಿ ಗುಮಾಸ್ತರು ಕೂಡಿ, ಅಡುಗೆಮನೆಗೂ ಬೇಕರಿಗೂ ಲಾರಿ ತುಂಬುವವರಿಗೂ ಬೇರೆ ಬೇರೆ ಪಟ್ಟಿ ಮಾಡಿ ಕಳಿಸುತ್ತಿದ್ದರು. ಲಿಯೋದ ಪ್ರೋಗ್ರಾಮಿಂಗ್ ಹೊಣೆ ಹೊತ್ತಿದ್ದ ಡೇವಿಡ್ ಕ್ಯಾಮಿನರ್ ಮತ್ತು ಅವರ ತಂಡ ಈ ಇಂಡೆಂಟನ್ನು ಇದ್ದ ಹಾಗೇ ಯಂತ್ರಕ್ಕೆ ಉಣಿಸಲಿಲ್ಲ. ಸೋಮವಾರಕ್ಕೆ ಇಷ್ಟು, ಮಂಗಳವಾರಕ್ಕೆ ಇಷ್ಟು ಎಂದು ವಾರದ ಪ್ರತಿ ದಿನಕ್ಕೂ ಒಂದು ಖಾಯಂ ಪಟ್ಟಿ ಮಾಡಿದರು. ಮೇಲ್ವಿಚಾರಕಿ ಇನ್ನು ಬರೆಯಬೇಕಾದ್ದೇ ಇಲ್ಲ. ಪಟ್ಟಿಯಲ್ಲಿ ಹೆಚ್ಚು ಕಮ್ಮಿ ಮಾಡುವುದಿದ್ದರೆ ಅಷ್ಟನ್ನು ಮಾತ್ರ ಫೋನಿನಲ್ಲಿ ಹೇಳಬೇಕು. ಕ್ಯಾಡ್‌ಬಿ ಹಾಲ್‌ನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಕೂತ ಪಂಚ್ ಆಪರೇಟರ್ ಕೇಳಿದ್ದನ್ನು ನೇರ ಕಾರ್ಡಿಗೆ ಹೊಡೆಯುತ್ತಾಳೆ. ನಡುವೆ ಕಾಗದವೇ ಇಲ್ಲ. ಯಂತ್ರದಿಂದ ಹೊರಬರುವುದು ಯಾವ ಅಂಗಡಿಗೆ ಏನು ಕಟ್ಟಬೇಕೆಂಬ ಪಟ್ಟಿ, ಅಡುಗೆಮನೆ ಏನೆಷ್ಟು ಮಾಡಬೇಕೆಂಬ ಮೊತ್ತ, ಮ್ಯಾನೇಜರುಗಳಿಗೆ ಬೇಕಾದ ಅಂಕಿಅಂಶ.

ಇಲ್ಲಿ ಆದದ್ದೇನು? ಅಂಗಡಿಯ ಬೇಡಿಕೆಯನ್ನು ನಿರ್ಧರಿಸುವ ಹೊಣೆ ಭಾಗಶಃ ಮೇಲ್ವಿಚಾರಕಿಯ ಕೈಯಿಂದ ಪಟ್ಟಿಗೆ ದಾಟಿತು. ನಿತ್ಯದ್ದನ್ನು ಸಂಸ್ಥೆ ನೋಡಿಕೊಳ್ಳುತ್ತದೆ, ವಿಶೇಷವಿದ್ದರೆ ಮಾತ್ರ ಮನುಷ್ಯ ಬಾಯಿ ಬಿಡಬೇಕು ಎಂಬ ಹೊಸ ಕಟ್ಟಲೆ ಬಂತು. ಬದಲಾವಣೆಯ ತಿರುಳು ಇದು. ಇದನ್ನು ಸೆಕೆಂಡುಗಳಲ್ಲಿ ಅಳೆಯಲಾಗದು. ಆದ್ದರಿಂದಲೇ ಫಲಕಗಳಲ್ಲಿ ಇದಕ್ಕೆ ಜಾಗ ಸಿಗಲಿಲ್ಲ ಎಂದು ನನ್ನ ಗುಮಾನಿ.

ಎದುರು ವಾದವನ್ನು ಊಹಿಸಬಹುದು: ಯಂತ್ರವಿಲ್ಲದಿದ್ದರೆ ಈ ಪಟ್ಟಿ-ತಿದ್ದುಪಡಿಯ ಪದ್ಧತಿ ಸಾಧ್ಯವೇ ಇರಲಿಲ್ಲ, ಹಾಗಾಗಿ ಯಂತ್ರವೇ ಕಾರಣ. ಇದರ ಮೊದಲ ಅರ್ಧವನ್ನು ಒಪ್ಪುತ್ತೇನೆ. ಒಂದೇ ರಾತ್ರಿಯಲ್ಲಿ ನೂರಾರು ಪಟ್ಟಿಗಳನ್ನು ತಿದ್ದಿ ಮೊತ್ತ ಕೂಡಿಸುವುದು ಕೈಯಿಂದ ಆಗುವ ಕೆಲಸವಲ್ಲ. ಆದರೆ ಯಂತ್ರ ಸಿಕ್ಕಿದ ಕೂಡಲೇ ಕೆಲಸವನ್ನೇ ಬಿಚ್ಚಿ ಮರುಜೋಡಿಸಬೇಕೆಂದು ಕ್ಯಾಮಿನರ್‌ಗೆ ತೋಚಿದ್ದು ಏಕೆ, ಅದೇ ದಶಕದಲ್ಲಿ ಕಂಪ್ಯೂಟರ್ ಕೊಂಡ ಎಷ್ಟೋ ಕಂಪನಿಗಳಿಗೆ ತೋಚದಿದ್ದುದು ಏಕೆ? ಉತ್ತರಕ್ಕೆ ಯಂತ್ರದ ಹಿಂದಕ್ಕೆ ಹೋಗಬೇಕು. 1923ರಲ್ಲಿ ಕೇಂಬ್ರಿಜ್‌ನಲ್ಲಿ ಗಣಿತ ಓದಿ ಲಯನ್ಸ್‌ಗೆ ಸೇರಿದ ಜಾನ್ ಸಿಮನ್ಸ್, 1930ರ ದಶಕದ ಆರಂಭದಲ್ಲಿ ಅಲ್ಲಿ ‘ಸಿಸ್ಟಮ್ಸ್ ರಿಸರ್ಚ್ ಆಫೀಸ್’ ಎಂಬ ವಿಭಾಗ ತೆರೆದರು. ಕಚೇರಿಯ ಪ್ರತಿ ಕಾಗದ ಯಾಕೆ ಹುಟ್ಟುತ್ತದೆ, ಎಲ್ಲಿಗೆ ಹೋಗುತ್ತದೆ, ಅದು ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳುವುದೇ ಆ ವಿಭಾಗದ ಕೆಲಸ. ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡುವ ಪದ್ಧತಿಯನ್ನು ಲಯನ್ಸ್ ಆ ದಶಕದಲ್ಲೇ ಬಳಕೆಗೆ ತಂದಿತ್ತು. 1936ರಲ್ಲಿ ಟ್ರೈನಿಯಾಗಿ ಬಂದ ಕ್ಯಾಮಿನರ್ ಮುಂದೆ ಲಿಯೋದ ಪ್ರೋಗ್ರಾಮಿಂಗ್ ಹೊಣೆ ಹೊತ್ತದ್ದು ಇದೇ ವಿಭಾಗದ ಮುಖ್ಯಸ್ಥರಾಗಿದ್ದ ಮೇಲೆ. ಅಂದರೆ ಕಂಪ್ಯೂಟರ್ ಬರುವುದಕ್ಕೆ ಎರಡು ದಶಕ ಮೊದಲೇ ಸಂಸ್ಥೆ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವ ವ್ಯವಸ್ಥೆಯನ್ನು ಸಂಬಳ ಕೊಟ್ಟು ಇಟ್ಟುಕೊಂಡಿತ್ತು.

ಸಿಮನ್ಸ್ 1962ರಲ್ಲಿ ಒಂದು ಪುಸ್ತಕ ಬರೆದರು, ‘ಲಿಯೋ ಅಂಡ್ ದ ಮ್ಯಾನೇಜರ್ಸ್’. ಹೆಸರಿನಲ್ಲೇ ಯಂತ್ರದ ಪಕ್ಕ ಮ್ಯಾನೇಜರುಗಳಿದ್ದಾರೆ. ಆದರೂ ಲಿಯೋ ಬಗ್ಗೆ ಮಾತಾಡುವವರ ಕೈಯಲ್ಲಿ ಈ ಪುಸ್ತಕ ಕಾಣುವುದು ಅಪರೂಪ. ಬದಲಿಗೆ ಎಲ್ಲರೂ ಹಿಡಿಯುವುದು 1990ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಮೈಕೆಲ್ ಹ್ಯಾಮರ್ ಬರೆದ ಲೇಖನ. ಹಳೆಯ ಕೆಲಸಕ್ಕೆ ಯಂತ್ರ ಜೋಡಿಸಬೇಡಿ, ಹಳೆಯ ಕೆಲಸವನ್ನೇ ಅಳಿಸಿಹಾಕಿ ಎಂಬುದು ಅವರ ಘೋಷಣೆ. ಉದಾಹರಣೆಗೆ ಫೋರ್ಡ್ ಕಂಪನಿ: ಬಿಲ್ ಪಾವತಿ ವಿಭಾಗದಲ್ಲಿ 500ಕ್ಕೂ ಹೆಚ್ಚು ಜನ, ಅದೇ ಕೆಲಸಕ್ಕೆ ಮಾಜ್ದಾದಲ್ಲಿ 5 ಜನ, ಕೊನೆಗೆ ಫೋರ್ಡ್ ಬಿಲ್ಲನ್ನೇ ಕೈಬಿಟ್ಟು, ಸರಕು ಇಳಿದಾಗಲೇ ಆರ್ಡರಿನೊಂದಿಗೆ ತಾಳೆ ನೋಡುವ ಪದ್ಧತಿ ತಂದು ಆ ವಿಭಾಗದ ಮುಕ್ಕಾಲು ಪಾಲು ಜನರನ್ನು ಕಡಿತ ಮಾಡಿತು. ಒಳ್ಳೆಯ ಉದಾಹರಣೆಯೇ. ಆದರೆ ಕ್ಯಾಡ್‌ಬಿ ಹಾಲ್‌ನಲ್ಲಿ ಇಂಡೆಂಟನ್ನು ಕೈಬಿಟ್ಟದ್ದು ಹ್ಯಾಮರ್ ಲೇಖನಕ್ಕೂ 36 ವರ್ಷ ಮುಂಚೆ. ಸಲಹಾ ಕಂಪನಿಗಳ ಜಗತ್ತಿಗೆ ನೆನಪಿನ ಶಕ್ತಿ ಕಡಿಮೆ. ಮರೆತದ್ದನ್ನೇ ಹೊಸದೆಂದು ಮಾರುವುದಕ್ಕೆ ಅದು ಅನುಕೂಲವೂ ಹೌದು.

ಅರ್ಥಶಾಸ್ತ್ರಜ್ಞ ಪಾಲ್ ಡೇವಿಡ್ ಅವರ ವಾದ ಹ್ಯಾಮರ್ ಅವರದಕ್ಕಿಂತ ಬಹಳ ಎತ್ತರದ್ದು. 1990ರಲ್ಲೇ ಬರೆದ ಪ್ರಬಂಧದಲ್ಲಿ ಅವರು ವಿದ್ಯುತ್ತಿಗೂ ಕಂಪ್ಯೂಟರಿಗೂ ಹೋಲಿಕೆ ಕಟ್ಟಿದರು. ಕಾರ್ಖಾನೆಗಳಿಗೆ ವಿದ್ಯುತ್ ಬಂದ ಮೇಲೂ ದಶಕಗಳ ಕಾಲ ಉತ್ಪಾದಕತೆ ಏರಲಿಲ್ಲ. ಒಂದೊಂದು ಯಂತ್ರಕ್ಕೂ ಅದರದೇ ಮೋಟಾರು ಇಟ್ಟು ಕಾರ್ಖಾನೆಯ ಏರ್ಪಾಡನ್ನೇ ಬದಲಿಸಿದ ಮೇಲೆ ಏರಿತು. ಇದನ್ನು ಒಪ್ಪುತ್ತಲೇ ಒಂದು ತಿದ್ದುಪಡಿ ಸೂಚಿಸುತ್ತೇನೆ. ಡೇವಿಡ್ ಚಿತ್ರದಲ್ಲಿ ತಂತ್ರಜ್ಞಾನ ಮುಂದೆ, ಸಂಸ್ಥೆ ಕುಂಟುತ್ತ ಹಿಂದೆ. ಲಯನ್ಸ್‌ನಲ್ಲಿ ಕಾದು ಕೂತದ್ದು ಸಂಸ್ಥೆ, ತಡವಾಗಿ ಬಂದದ್ದು ಯಂತ್ರ.

ಇನ್ನು ನನ್ನ ಪಕ್ಷದವರ ಬಗ್ಗೆಯೂ ಒಂದು ಮಾತು. ಲಿಯೋ ಕುರಿತ ಮಾಹಿತಿಯ ದೊಡ್ಡ ಪಾಲು ಕ್ಯಾಮಿನರ್, ಫ್ರಾಂಕ್ ಲ್ಯಾಂಡ್ ಮೊದಲಾದ ಒಳಗಿನವರಿಂದಲೇ ಬಂದದ್ದು. ಅವರು ಕೂಡಿ ತಂದ 1996ರ ಸಂಪುಟ ಇಲ್ಲದಿದ್ದರೆ ಈ ಲೇಖನವೂ ಇಲ್ಲ. ಆದರೆ ಒಳಗಿನವರು ಎಂದರೆ ಕ್ಯಾಡ್‌ಬಿ ಹಾಲ್‌ನವರು. ಮಳೆ ಬಂದರೆ ಬನ್ನು ಎಷ್ಟು ಉಳಿಯುತ್ತದೆ, ಪಕ್ಕದ ಕಚೇರಿಗೆ ರಜೆಯಾದರೆ ಚಹಾ ಎಷ್ಟು ಇಳಿಯುತ್ತದೆ ಎಂದು ಬಲ್ಲ ಮೇಲ್ವಿಚಾರಕಿಯರಿಗೆ ಖಾಯಂ ಪಟ್ಟಿ ಬಿಡುಗಡೆಯಾಗಿ ಕಂಡಿತೋ ಕಡಿವಾಣವಾಗಿ ಕಂಡಿತೋ ಎಂಬುದು ಆ ಬರಹಗಳಲ್ಲಿ ಹಿಂದೆಯೇ ಉಳಿದಿದೆ. ಬರೆಯುವ ಹೊರೆ ಇಳಿಯಿತೆಂದು ವಿನ್ಯಾಸಕಾರರು ಹೇಳುತ್ತಾರೆ. ನಂಬುತ್ತೇನೆ. ಆದರೆ ಹೊರೆ ಇಳಿಸಿದವನ ಮಾತನ್ನು ಹೊತ್ತವಳ ಮಾತೆಂದು ದಾಖಲಿಸಲು ಬರುವುದಿಲ್ಲ.

ಈ ಕೊರತೆ ನಮ್ಮಲ್ಲಿ ಇನ್ನೂ ದೊಡ್ಡದು. ಬ್ಯಾಂಕುಗಳ ಕಂಪ್ಯೂಟರೀಕರಣದ ನಮ್ಮ ಕಥೆಯನ್ನು ಸಾಮಾನ್ಯವಾಗಿ ಎರಡೇ ಸಾಲಿನಲ್ಲಿ ಹೇಳಿಬಿಡುತ್ತಾರೆ: ಯೂನಿಯನ್‌ಗಳು ಅಡ್ಡಗಾಲು ಹಾಕಿದವು, ಆಮೇಲೆ ದಾರಿಗೆ ಬಂದವು. 1983ರ ಸೆಪ್ಟೆಂಬರ್ 8ರ ಒಪ್ಪಂದ, 1984ರ ರಂಗರಾಜನ್ ಸಮಿತಿಯ ವರದಿ, 1987 ಮತ್ತು 1993ರ ಒಪ್ಪಂದಗಳು, ಇವನ್ನು ಸಾಲಾಗಿ ಇಟ್ಟು ಓದಿದರೆ ಬೇರೆಯೇ ಚಿತ್ರ ಬರುತ್ತದೆ. ಯಾವ ಕೆಲಸಕ್ಕೆ ಯಂತ್ರ, ಎಲ್ಲೆಲ್ಲಿ, ಅದನ್ನು ನಡೆಸುವವರಿಗೆ ಭತ್ಯೆ ಎಷ್ಟು ಎಂಬ ಚೌಕಾಸಿ ಸಂಸ್ಥೆಯ ಸ್ವರೂಪದ ಬಗೆಗಿನ ಚೌಕಾಸಿಯೇ. ಎಂಬತ್ತರ ದಶಕದ ಕೊನೆಗೆ ಶಾಖೆಗಳಿಗೆ ಬಂದ ಲೆಡ್ಜರ್ ಪೋಸ್ಟಿಂಗ್ ಯಂತ್ರ ಲೆಡ್ಜರ್ ಪುಸ್ತಕದ ಜಾಗದಲ್ಲಿ ಕೂತಿತು, ನಿಜ. ಆದರೆ ವೋಚರ್ ಅದೇ, ಹಿತ್ತಾಳೆ ಟೋಕನ್ ಅದೇ, ಆಫೀಸರ್ ಪಾಸ್ ಮಾಡುವ ಸಹಿಯೂ ಅದೇ. ಗಿರಾಕಿ ಶಾಖೆಯವನೇ ಆಗಿ ಉಳಿದ. ಲಯನ್ಸ್‌ನ ಸಂಬಳ ಪಟ್ಟಿಯ ಹಾಗೆ ಲೆಕ್ಕ ಮಾಡುವವರು ಬದಲಾದರು, ಅಷ್ಟೆ. ಎರಡು ಸಾವಿರದ ಇಸವಿಯ ನಂತರ ಕೋರ್ ಬ್ಯಾಂಕಿಂಗ್ ಬಂದು, ಖಾತೆ ಶಾಖೆಯ ಲೆಡ್ಜರ್ ಬಿಟ್ಟು ಕೇಂದ್ರದ ಸರ್ವರಿಗೆ ಹೋದಾಗಲೇ ಮ್ಯಾನೇಜರನ ಕುರ್ಚಿಯ ತೂಕ ಬದಲಾದದ್ದು. ಯಂತ್ರವೇ ಇಲ್ಲದ ಕಾಲದಲ್ಲಿ, 1928ರಲ್ಲಿ, ಪಿಗ್ಮಿ ಠೇವಣಿಗಾಗಿ ಏಜೆಂಟರನ್ನು ಮನೆಬಾಗಿಲಿಗೆ ಕಳಿಸಿ ಬ್ಯಾಂಕಿನ ಕೌಂಟರನ್ನೇ ಬೀದಿಗೆ ತಂದ ಉಡುಪಿಯ ಸಂಸ್ಥೆಯ ಚರಿತ್ರೆ ಇದ್ದೂ ನಾವು ಸಂಸ್ಥೆಯ ಬದಲಾವಣೆಯನ್ನು ಸಾಫ್ಟ್‌ವೇರ್ ಹುಟ್ಟಿದ ದಿನದಿಂದ ಎಣಿಸುತ್ತೇವೆ.

ಲಿಯೋದಲ್ಲಿ ದುಡಿದವರ ಸಂಘವೊಂದು ಹಳೆಯ ನೌಕರರ ಮಾತುಗಳನ್ನು ಧ್ವನಿಮುದ್ರಿಸಿ ಇಡುತ್ತಿದೆ. ಇತ್ತ ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳ ಪೈಕಿ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಎಂಬತ್ತು-ತೊಂಬತ್ತರ ದಶಕದಲ್ಲಿ ಇವುಗಳ ಶಾಖೆಗಳಲ್ಲಿ ದುಡಿದ ಗುಮಾಸ್ತರು, ಯಂತ್ರ ನಡೆಸಿದವರು, ಯೂನಿಯನ್ ಕಾರ್ಯದರ್ಶಿಗಳು ಇಂದು ನಿವೃತ್ತರು. ಅಂದಿನ ಸುತ್ತೋಲೆ, ತರಬೇತಿ ಪುಸ್ತಿಕೆ, ಒಪ್ಪಂದದ ಪ್ರತಿ, ಸಭೆಯ ಟಿಪ್ಪಣಿ ಮನೆಯಲ್ಲಿದ್ದರೆ ದಯವಿಟ್ಟು ಹಳೆ ಪೇಪರಿನವನಿಗೆ ಕೊಡಬೇಡಿ. ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಡಿ.